ಅಜ್ಜಿಯ ಮೂಲೆ

ನಿದ್ದೆಗೆಟ್ಟವನ ಭ್ರಮೆ ಎನ್ನುವವರು ಎನ್ನಲಿ. ನೆರೆ ನುಗ್ಗಿದ ದಿನ ಪ್ರಾಣಿಗಳ ಆಶ್ರಯಧಾಮದ ನಾಯಿಗಳನ್ನೆಲ್ಲ ನನ್ನ ವ್ಯಾನಿಗೆ ತುಂಬಿ ಗುಡ್ಡದ ಮೇಲಿನ ಶಾಲೆಗೆ ತಂದೆ. ಹಿಂಬಾಗಿಲು ತೆಗೆದರೆ ಒಂದೂ ಬೊಗಳಲಿಲ್ಲ, ಇಳಿಯಲೂ ಇಲ್ಲ. ಒಂದರ ಮೇಲೊಂದು ಒತ್ತಿ ನಿಂತಿದ್ದರೂ ಬಾಗಿಲ ಪಕ್ಕದ ಮೂಲೆಯನ್ನು ಮಾತ್ರ ಖಾಲಿ ಬಿಟ್ಟಿದ್ದವು.

ಅದು ಅಜ್ಜಿಯ ಮೂಲೆ. ಅಜ್ಜಿ ಎಂದರೆ ನಮ್ಮ ಮುದಿ ನಾಯಿ; ಅದು ಮೊದಲು ಇಳಿದರೇನೇ ಉಳಿದವು ಇಳಿಯುತ್ತಿದ್ದವು. ಹೋದ ತಿಂಗಳಷ್ಟೇ ಸತ್ತಿತ್ತು.

"ಎಳೆದು ಇಳಿಸಪ್ಪಾ, ಬೆಕ್ಕುಗಳು ಇನ್ನೂ ಧಾಮದಲ್ಲೇ ಇವೆ," ಎಂದರು ಧಾಮದ ಡಾಕ್ಟರಮ್ಮ.

ಎಳೆಯಲು ನನ್ನಲ್ಲಿ ತ್ರಾಣವಿರಲಿಲ್ಲ. ಅಭ್ಯಾಸಬಲದಿಂದ, "ಇಳಿಯಮ್ಮಾ ಅಜ್ಜಿ, ಸಾಕಾಗಿದೆ ನಂಗೆ," ಎಂದುಬಿಟ್ಟೆ.

ಭಾರ ಇಳಿದಂತೆ ವ್ಯಾನು ತುಸು ಮೇಲೆದ್ದಿತು. ಆಮೇಲೆ ನಾಯಿಗಳು ಸಾಲಾಗಿ ಇಳಿದವು.

ವ್ಯಾನಿನ ನೆಲವೆಲ್ಲ ತೊಯ್ದು ತಣ್ಣಗಿತ್ತು. ಆ ಮೂಲೆಗೆ ಕೈಯಿಟ್ಟೆ. ಅಲ್ಲಿ ಒಣಗಿತ್ತು, ಬೆಚ್ಚಗಿತ್ತು.