ಉತ್ತರಿಸದೆ ಉಳಿದ ಐದನೆಯ ಪ್ರಶ್ನೆ

ಶನಿವಾರ ಬೆಳಿಗ್ಗೆ ನಾನು ಸ್ಕೂಟರ್ ತೊಳೆಯುತ್ತಿದ್ದಾಗ ಒಬ್ಬ ಹೆಂಗಸು ಗೇಟಿನ ಬಳಿ ಬಂದು, "ಪ್ರೂಫ್ ನೋಡೋ ಅಮ್ಮ ಇರೋದು ಇಲ್ಲೇನಾ?" ಎಂದು ಕೇಳಿದರು. ಅತ್ತು ಅತ್ತು ಅವರ ಕಣ್ಣು ಊದಿಕೊಂಡಿತ್ತು.

ಪ್ರೂಫ್ ನೋಡುವ ಅಮ್ಮ ಎಂದರೆ ನನ್ನ ಹೆಂಡತಿಯ ತಾಯಿ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದ ಮೇಲೆ, ಊರಿನವರ ತಲೆನೋವುಗಳನ್ನು ತಿದ್ದಲು ಶುರು ಮಾಡಿದ್ದರು. ಅವರನ್ನು ಹಿಂದೆ ಕೂರಿಸಿಕೊಂಡು ಓಡಾಡುವುದು ನನ್ನ ಪಾಲಿನ ಕೆಲಸ. ಅತ್ತೆ ಅಳಿಯ ಹೀಗೆ ಊರು ಸುತ್ತುವುದನ್ನು ಕಂಡು ನನ್ನ ಹೆಂಡತಿ ಮೂಗು ಮುರಿಯುತ್ತಾಳೆ. ಮುರಿಯಲಿ.

ಬಂದವರು ಶಾಲೆಯ ಟೀಚರ್. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ, ಬೈಬಲ್ ಬಗ್ಗೆ ಏನೂ ಗೊತ್ತಿಲ್ಲದವರಿಗಾಗಿ ಒಂದು ತರಗತಿ ನಡೆಸುತ್ತಿದ್ದರು. ಜನ ತಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದರು. ಚರ್ಚಿನ ಗುಮಾಸ್ತರು ಅವನ್ನು ಶನಿವಾರ ಟೈಪ್ ಮಾಡಿ, ಒಂದು ಪ್ರತಿಯನ್ನು ಟೀಚರಿಗೂ ಇನ್ನೊಂದನ್ನು ಪಾದ್ರಿಗಳ ಮನೆಗೂ ಕಳಿಸುತ್ತಿದ್ದರು.

"ನಾಳೆ ತರಗತಿ ಮುಚ್ಚಿಸ್ತಾರಂತೆ," ಎಂದರು ಟೀಚರ್. "ನಾನು ಜನರ ನಂಬಿಕೆ ಕೆಡಿಸ್ತಿದೀನಿ ಅಂತ ಪಾದ್ರಿಗಳೇ ಚರ್ಚಿನ ಹಿರಿಯರಿಗೆ ಪತ್ರ ಬರೆದಿದಾರೆ. ಹನ್ನೊಂದು ವರ್ಷ ಅವರೇ ನನ್ನ ಕೈ ಹಿಡಿದು ನಡೆಸಿದ್ದು. ತರಗತಿ ಹೋದರೆ ಹೋಗಲಿ ಅಮ್ಮಾ, ಅವರು ನನ್ನ ಬಗ್ಗೆ ಹೀಗೆ ಅಂದ್ಕೊಂಡಿದ್ರಾ ಅನ್ನೋದು ನನಗೆ ಗೊತ್ತಾಗ್ಬೇಕು."

"ಅವರನ್ನೇ ಕೇಳಬಹುದಲ್ಲ?"

"ಮಂಗಳವಾರ ಅವರಿಗೆ ಲಕ್ವ ಹೊಡೀತು. ಹೇಳಿದ್ದು ತಿಳಿಯುತ್ತೆ, ಮಾತು ಮಾತ್ರ ಬರಲ್ಲ. ಯಾರೂ ಏನೂ ಕೇಳಿ ಅವರ ಮನಸ್ಸು ಕದಡಬಾರ್ದು ಅಂತ ಮಗಳು ಬಾಗಿಲಲ್ಲೇ ತಡೀತಾರೆ. ಪತ್ರ ಹಿರಿಯರ ಕೈ ಸೇರಿದ್ದು ಗುರುವಾರ, ತಾರೀಖು ಮಾತ್ರ ಸೋಮವಾರದ್ದು."

ಟೀಚರ್ ಪತ್ರದ ನಕಲನ್ನೂ ಕಳೆದ ಭಾನುವಾರದ ಪ್ರಶ್ನೆಪಟ್ಟಿಯನ್ನೂ ಮೇಜಿನ ಮೇಲಿಟ್ಟರು. ಪಟ್ಟಿಯಲ್ಲಿ ಐದು ಪ್ರಶ್ನೆಗಳಿದ್ದವು. ಯೇಸು ತಾನೇ ಏನಾದರೂ ಬರೆದಿಟ್ಟಿದ್ದಾನೆಯೇ? ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳನ್ನು ಬರೆದವರು ಯಾರು? ಮೊದಲು ಯಾವ ಭಾಷೆಯಲ್ಲಿದ್ದವು? ಬೈಬಲ್ಲಿನೊಳಗೆ ಯಾವ ಪುಸ್ತಕ ಇರಬೇಕೆಂದು ತೀರ್ಮಾನಿಸಿದವರು ಯಾರು? ಕೊನೆಯದು: ಬೈಬಲ್ಲಿನಲ್ಲಿರುವ ಪೌಲನ ಹೆಸರಿನ ಪತ್ರಗಳನ್ನೆಲ್ಲ ಪೌಲನೇ ಬರೆದನೇ?

ನನಗೆ ತಡೆಯಲಾಗಲಿಲ್ಲ. "ಬೈಬಲ್ ಯೇಸುನೇ ಬರೆದದ್ದಲ್ವಾ?"

"ಅಳಿಯಂದ್ರೇ, ನೀವು ಮೊದಲ ಬೆಂಚಲ್ಲೇ ಕೂರಬೇಕು," ಎಂದರು ಅತ್ತೆ.

ಟೀಚರ್ ನಗಲಿಲ್ಲ. ದಿನವೂ ಕೇಳುವ ಪ್ರಶ್ನೆಯೆಂಬಂತೆ ಬಿಡಿಸಿ ಹೇಳಿದರು. "ಯೇಸು ಒಂದು ಪುಸ್ತಕವನ್ನೂ ಬರೆದಿಟ್ಟಿಲ್ಲ. ಆತನ ಮಾತು ಮೊದಲು ಬಾಯಿಂದ ಬಾಯಿಗೆ ಹೋಯ್ತು, ಬರವಣಿಗೆಗೆ ಬಂದದ್ದು ಕೆಲವು ದಶಕಗಳಾದ್ಮೇಲೆ. ಸುವಾರ್ತೆಗಳು ನಮಗೆ ಸಿಕ್ಕಿರೋದು ಗ್ರೀಕಿನಲ್ಲಿ. ಒಳಗೆಲ್ಲೂ 'ಮತ್ತಾಯನಾದ ನಾನು ಬರೆದೆ' ಅಂತಿಲ್ಲ, ಮೇಲಿರೋ ಹೆಸರುಗಳು ಸಂಪ್ರದಾಯದಿಂದ ಬಂದದ್ದು. ಪೌಲ ತನ್ನ ಪತ್ರಗಳನ್ನ ಬಾಯಲ್ಲಿ ಹೇಳ್ತಿದ್ದ, ಇನ್ನೊಬ್ಬರು ಬರ್ಕೊಳ್ತಿದ್ರು. ಕೊನೇಲಿ ಒಂದೆರಡು ಸಾಲು ಸ್ವಂತ ಕೈಯಲ್ಲಿ ಬರೀತಿದ್ದ. ನಮ್ಮ ಪಾದ್ರಿಗಳೂ ಅಷ್ಟೇ. ಕಣ್ಣಿಗೆ ಪೊರೆ ಬಂದ ಮೇಲೆ ಯಾರ ಕೈಲಾದ್ರೂ ಟೈಪ್ ಮಾಡಿಸಿ, ಕೆಳಗೆ ಒಂದು ಸಾಲು ತಾವೇ ದಪ್ಪಕ್ಷರದಲ್ಲಿ ಬರೀತಿದ್ರು. ಈ ಪತ್ರದಲ್ಲೂ ಆ ಸಾಲಿದೆ. ಅದು ಅವರದೇ ಕೈ ಅಂತ ನಾನು ಪ್ರಮಾಣ ಮಾಡಿ ಹೇಳ್ತೀನಿ. ಅದಕ್ಕೇ ನನಗೆ ದಿಕ್ಕು ತೋಚ್ತಿಲ್ಲ."

ಅತ್ತೆ ನಕಲನ್ನು ಓದಿದರು. ಐದು ಪ್ರಶ್ನೆಗಳನ್ನೂ ಒಂದಾದ ಮೇಲೊಂದರಂತೆ ಎತ್ತಿ, ಟೀಚರ್ ಕೊಟ್ಟ ಉತ್ತರಗಳಿಂದ ತರಗತಿಯೇ ತಲ್ಲಣಿಸಿತೆಂದು ಅದರಲ್ಲಿತ್ತು. ಪೌಲನ ಕೆಲವು ಪತ್ರಗಳನ್ನು ಶಿಷ್ಯರೇ ಬರೆದು ಗುರುವಿನ ಹೆಸರು ಹಾಕಿದರೆಂದು ಕೊನೆಗೆ ಟೀಚರ್ ಹೇಳಿದರಂತೆ. ಬೈಬಲ್ಲಿನಲ್ಲಿ ಯಾರೂ ಹಾಗೆ ಮಾಡಿರಲಾರರೆಂದೂ ಪತ್ರದಲ್ಲಿತ್ತು.

"ಹೀಗೇ ನಡೀತಾ?"

"ಇಲ್ಲಮ್ಮ. ಬಸ್ ಕಂಡಕ್ಟರ್ ಒಬ್ಬರಿಗೆ ಡ್ಯೂಟಿಗೆ ಹೊತ್ತಾಗಿತ್ತು. ನಾಲ್ಕನೇದು ಅವರ ಪ್ರಶ್ನೆ, ಅದನ್ನೇ ಮೊದಲು ತಗೊಂಡೆ. ಐದನೇದಕ್ಕೆ ಸಮಯವೇ ಸಿಗಲಿಲ್ಲ. ಚೀಟಿ ಬರೆದವರು ಅವತ್ತು ಬಂದಿರಲಿಲ್ಲ ಅಂತ ಓದಲೂ ಇಲ್ಲ. ಹಿರಿಯರ ಹತ್ರ ಹೇಳಿದ್ರೆ, ಪಾದ್ರಿಗಳ ಕೈಬರಹ ನಂಬಲೋ ನಿಮ್ಮನ್ನ ನಂಬಲೋ ಅಂದ್ರು."

ಹತ್ತು ನಿಮಿಷದಲ್ಲಿ ನಾವು ಹಿರಿಯರ ಔಷಧಿ ಅಂಗಡಿಯಲ್ಲಿದ್ದೆವು. ಅವರು ಚರ್ಚಿನ ಹಿರಿಯರ ಮುಖ್ಯಸ್ಥರು, ಗಟ್ಟಿ ಧ್ವನಿಯ ಮನುಷ್ಯ. ಭಾನುವಾರ ಆರಾಧನೆ ಮುಗಿದ ಕೂಡಲೇ ಅಂಗಡಿ ತೆರೆಯಬೇಕಾದ್ದರಿಂದ ತರಗತಿಯತ್ತ ತಲೆ ಹಾಕಿದವರಲ್ಲ, ಪ್ರಶ್ನೆಪಟ್ಟಿ ಹೇಗಿರುತ್ತದೆಂದೂ ಅವರಿಗೆ ಗೊತ್ತಿರಲಿಲ್ಲ. ಅತ್ತೆ ಮೂಲ ಪತ್ರದ ಜೊತೆಗೆ ಪಾದ್ರಿಗಳ ಹಳೆಯ ಪತ್ರಗಳನ್ನೂ ಕೇಳಿ ಪಡೆದು, ಗಾಜಿನ ಕಪಾಟಿನ ಮೇಲೆ ಸಾಲಾಗಿ ಹರಡಿದರು.

"ಏನು ಕಾಣುತ್ತೆ?" ಎಂದು ನನ್ನನ್ನು ಕೇಳಿದರು.

ಹಳೆಯ ಪತ್ರ ಚಿಕ್ಕದಾಗಿದ್ದರೆ ಕೈಬರಹದ ಸಾಲು ಹಾಳೆಯ ನಡುವೆಯೇ ಇತ್ತು, ಉದ್ದವಾಗಿದ್ದರೆ ಅಡಿಗೆ ಇಳಿದಿತ್ತು. ಎಲ್ಲಿದ್ದರೂ ಟೈಪಿನ ಕೊನೆಯ ಸಾಲಿನಿಂದ ಎರಡು ಬೆರಳಿನಷ್ಟು ಕೆಳಗೆ. ಹೊಸ ಪತ್ರದಲ್ಲಿ ಮೊದಮೊದಲ ಸಾಲುಗಳ ನಡುವೆ ಬೇಕಾದಷ್ಟು ಜಾಗವಿತ್ತು. ಕೊನೆಯ ಏಳು ಸಾಲುಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು, ಕೈಬರಹದ ತಲೆಗೆ ತಾಗುವಂತೆ ನಿಂತಿದ್ದವು. ನಾನು ಅದನ್ನೇ ಹೇಳಿದೆ. ಅತ್ತೆ "ಹೂಂ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಶಹಭಾಸ್.

ಚರ್ಚಿನ ಕಚೇರಿಯಲ್ಲಿ ಗುಮಾಸ್ತರು ಟೈಪ್ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಪ್ರತಿ ತರಗತಿಯಲ್ಲೂ ಕುರ್ಚಿ ಹಾಕಿ, ಕೊನೆಯವರೆಗೂ ಬಾಗಿಲ ಬಳಿ ಕೂರುತ್ತಿದ್ದವರು ಅವರೇ. ಕಂಡಕ್ಟರ್ ಹೊರಟಾಗ ಬಾಗಿಲು ತೆಗೆದದ್ದೂ ಅವರೇ ಅಂತೆ.

"ಪಾದ್ರಿಗಳು ಖಾಲಿ ಹಾಳೆಗಳ ಮೇಲೆ ತಮ್ಮ ಸಾಲು ಬರೆದಿಟ್ಟಿದ್ರಾ?" ಎಂದು ಅತ್ತೆ ನೇರವಾಗಿ ಕೇಳಿದರು.

"ಛೇ, ಛೇ! ಎಲ್ಲಾದ್ರೂ ಉಂಟಾ?" ಎಂದವರ ಕೈಯಿಂದ ಎಣ್ಣೆ ಮೇಜಿನ ಮೇಲೆಲ್ಲ ಚೆಲ್ಲಿತು.

ಹೊರಗೆ ಬಂದ ಮೇಲೆ ನಾನು, "ಕಳ್ಳ ಸಿಕ್ಕಿಬಿದ್ದ!" ಎಂದೆ.

"ಸುಳ್ಳ ಸಿಕ್ಕಿಬಿದ್ದ. ಕಳ್ಳ ಬೇರೆ," ಎಂದು ಅತ್ತೆ ಹೆಲ್ಮೆಟ್ ಹಾಕಿಕೊಂಡರು.

ಕೊನೆಗೆ ಪಾದ್ರಿಗಳ ಮನೆಗೆ ಹೋದೆವು. ಮಗಳು ಬಾಗಿಲನ್ನು ಅರ್ಧವೇ ತೆರೆದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರಿಗೆ ಪ್ರತಿ ಭಾನುವಾರ ಬೆಳಗಿನ ಪಾಳಿ ಇರುತ್ತಿತ್ತು. ಈಗ ರಜೆ ಹಾಕಿ ತಂದೆಯ ಆರೈಕೆಯಲ್ಲಿದ್ದರು. ಪ್ರತಿ ಶನಿವಾರ ಪಟ್ಟಿಯನ್ನು ತಂದೆಗೆ ಓದಿ ಹೇಳುತ್ತಿದ್ದವರು ತಾವೇ ಎಂದು ಮರೆಮಾಚದೆ ಹೇಳಿದರು. ನಿದ್ದೆಗೆಟ್ಟು ಅವರ ಮುಖ ಬಾಡಿತ್ತು. ಅವರನ್ನು ಕಂಡು ನನಗೆ ಅಯ್ಯೋ ಅನ್ನಿಸಿತು.

ಮರುದಿನ ಆರಾಧನೆ ಮುಗಿದ ಮೇಲೆ ಹಿರಿಯರು, ಟೀಚರ್, ಗುಮಾಸ್ತರು, ಪಾದ್ರಿಗಳ ಮಗಳು ಮತ್ತು ನಾವಿಬ್ಬರು ಕಚೇರಿಯಲ್ಲಿ ಸೇರಿದೆವು. ಅತ್ತೆ ಪತ್ರಗಳನ್ನು ಮೇಜಿನ ಮೇಲೆ ಹರಡಿದರು.

"ಕೈಬರಹ ಪಾದ್ರಿಗಳದೇ. ಅದರಲ್ಲಿ ಅನುಮಾನ ಬೇಡ," ಎಂದು ಶುರು ಮಾಡಿದರು. "ಆದ್ರೆ ಪತ್ರ ಮುಗಿದ ಮೇಲೆ ಸಾಲು ಬರೆಯೋರು ಜಾಗ ಇದ್ದ ಕಡೆ ಬರೀತಾರೆ. ಇಲ್ಲಿ ಪತ್ರಾನೇ ಸಾಲಿಗೆ ಜಾಗ ಬಿಟ್ಟು ಮುದುಡಿಕೊಂಡಿದೆ. ಅಂದ್ರೆ ಸಾಲು ಮೊದಲು, ಪತ್ರ ಆಮೇಲೆ. ಗುಮಾಸ್ತರೇ, ಈಗಲಾದ್ರೂ ಹೇಳಿ."

ಗುಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪಾದ್ರಿಗಳಿಗೆ ಮುಂದಿನ ವಾರ ಕಣ್ಣಿನ ಆಪರೇಷನ್ ಇತ್ತು. ಆಮೇಲೆ ಬಗ್ಗಿ ಬರೆಯೋ ಹಾಗಿಲ್ಲ ಅಂದಿದ್ರು ಡಾಕ್ಟರು. ಅದಕ್ಕೇ ಕೆಲವು ಹಾಳೆ ಬರೆದುಕೊಟ್ರು. ಡ್ರಾಯರಲ್ಲಿಟ್ಟಿದ್ದೆ. ಹೇಳಿದ್ರೆ ಅವರ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

"ಹಾಗಾದ್ರೆ ಬರೆದವ ನೀನೇ!" ಎಂದು ಹಿರಿಯರು ಗುಡುಗಿದರು.

"ಅಲ್ಲ," ಎಂದರು ಅತ್ತೆ. "ಈ ಪತ್ರದಲ್ಲಿ ಪ್ರಶ್ನೆಗಳು ಪಟ್ಟಿಯ ಕ್ರಮದಲ್ಲಿವೆ. ತರಗತಿಯಲ್ಲಿ ನಾಲ್ಕನೇದು ಮೊದಲಾಯ್ತು, ಐದನೇದು ಆಗಲೇ ಇಲ್ಲ. ಬರೆದವರು ಪಟ್ಟಿ ನೋಡಿದಾರೆ, ತರಗತಿ ನೋಡಿಲ್ಲ. ಪಾದ್ರಿಗಳಾಗಿದ್ರೆ ಸೋಮವಾರ ಸಾಲನ್ನ ಆಮೇಲೆ ತಾವೇ ಬರೀತಿದ್ರು, ಖಾಲಿ ಹಾಳೆ ಬೇಕಿರಲಿಲ್ಲ. ಗುಮಾಸ್ತರು ಕೊನೇವರೆಗೂ ಅಲ್ಲೇ ಇದ್ರು, ಅವರು ಈ ತಪ್ಪು ಮಾಡ್ತಿರಲಿಲ್ಲ. ಹಿರಿಯರೇ, ನೀವು ತರಗತೀನೂ ನೋಡಿಲ್ಲ, ಪಟ್ಟೀನೂ ನೋಡಿಲ್ಲ. ಪಟ್ಟಿ ಓದಿ, ಭಾನುವಾರ ಬೇರೆ ಕಡೆ ಇದ್ದವರು ಒಬ್ಬರೇ." ಅತ್ತೆ ಧ್ವನಿ ತಗ್ಗಿಸಿದರು. "ಬರೆದದ್ದು ಸೋಮವಾರ ಅಲ್ಲ, ಅಲ್ವೇನಮ್ಮ?"

ಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದರು.

"ಬುಧವಾರ," ಎಂದರು. "ಕಚೇರಿ ಕೀಲಿಕೈ ಮನೇಲಿತ್ತು, ಹಾಳೆ ಎಲ್ಲಿದೆ ಅಂತ ಗೊತ್ತಿತ್ತು, ಇಲ್ಲೇ ಕೂತು ಟೈಪ್ ಮಾಡ್ದೆ. ಆ ಪಟ್ಟಿ ಓದಿದ ದಿನ ಅಪ್ಪ ಒಂದು ಮಾತೂ ಆಡಲಿಲ್ಲ. ಮೂರು ದಿನಕ್ಕೆ ಬಿದ್ರು. ನಾನು ಓದಬಾರದಾಗಿತ್ತು. ಅವರು ಜೀವಮಾನವಿಡೀ ಸಾರಿದ್ದನ್ನ ಯಾರು ಬರೆದ್ರೋ ಗೊತ್ತಿಲ್ಲ ಅಂದುಬಿಟ್ರೆ ಅವರಿಗೆ ಹೇಗಾಗಿರಬೇಕು? ಮಾತು ಬಂದಿದ್ರೆ ಅವರೂ ಇದನ್ನೇ ಹೇಳ್ತಿದ್ರು. ಅವರ ಪರವಾಗಿ ನಾನು ಹೇಳಿದೆ, ಅಷ್ಟೇ."

"ಬೈಬಲ್ಲಿನಲ್ಲಿ ಯಾರೂ ಇನ್ನೊಬ್ಬರ ಹೆಸರಲ್ಲಿ ಬರೆದಿರಲಾರರು ಅಂತ ನೀವೇ ಪತ್ರದಲ್ಲಿ ಬರೆದಿದೀರಲ್ಲ," ಎಂದು ಹಿರಿಯರು ಬಾಯಿ ಹಾಕಿದರು. ಅತ್ತೆ ಅವರನ್ನು ದುರುಗುಟ್ಟಿ ನೋಡಿದರು.

ಟೀಚರ್ ಎದ್ದು ಹೋಗಿ ಮಗಳ ಪಕ್ಕದಲ್ಲಿ ಕುಳಿತರು. "ಅವರೂ ಇದನ್ನೇ ಹೇಳ್ತಿದ್ರು ಅಂದ್ರಲ್ಲ," ಎಂದರು ಮೆಲ್ಲಗೆ. "ಅದು ನನಗೂ ಗೊತ್ತಾಗ್ಬೇಕು. ಕೇಳೋಣ್ವಾ?"

ಪಾದ್ರಿಗಳ ಕೋಣೆಗೆ ಎಲ್ಲರೂ ಹೋದೆವು. ಕಿಟಕಿ ತೆರೆದಿತ್ತು, ಅವರು ದಿಂಬಿಗೊರಗಿ ಎಚ್ಚರವಾಗಿಯೇ ಇದ್ದರು. ಮಗಳು ಮಂಚದ ಪಕ್ಕ ಮಂಡಿಯೂರಿ, ಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಒಂದು ಸಾಲನ್ನೂ ಬಿಡಲಿಲ್ಲ.

"ಇದನ್ನ ನಾನು ಬರೆದೆ, ಅಪ್ಪಾ. ನಿಮ್ಮ ಮಾತು ಇದೇ ಅಲ್ವಾ?"

ಪಾದ್ರಿಗಳು ತಲೆಯಾಡಿಸಿದರು. ಅಲ್ಲ ಎಂದು, ಸ್ಪಷ್ಟವಾಗಿ, ಎರಡು ಸಲ. ಆಮೇಲೆ ಕಷ್ಟಪಟ್ಟು ಎಡಗೈಯನ್ನೆತ್ತಿ ಟೀಚರನ್ನು ಹತ್ತಿರ ಕರೆದರು. ಟೀಚರ್ ಆ ಕೈಯನ್ನು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತರು.

ಮಗಳು ಬಹಳ ಹೊತ್ತು ತಂದೆಯ ಮುಖವನ್ನೇ ನೋಡಿದರು. ಕೊನೆಗೆ ಎದ್ದು, ಬಾಗಿಲ ಬಳಿ ನಡಾವಳಿ ಪುಸ್ತಕ ಹಿಡಿದು ನಿಂತಿದ್ದ ಹಿರಿಯರತ್ತ ತಿರುಗಿದರು.

"ಪತ್ರ ಬರೆದದ್ದು ಪಾದ್ರಿಗಳಲ್ಲ ಅಂತ ಬರ್ಕೊಳ್ಳಿ," ಎಂದರು. "ಅದರ ಕೆಳಗೆ ನನ್ನ ಹೆಸರನ್ನ ನಾನೇ ಬರೀತೀನಿ. ಪೆನ್ನು ಕೊಡಿ."