ಬೇಕಂತಲೇ ಕೆಡಿಸಿದ ನೆಟ್‌ವರ್ಕ್

"ಏನ್ರೀ ಇದು, ಮತ್ತೆ ಟೈಮ್ಡ್ ಔಟ್!"

ಮುರುಗೇಶ್ ಹಣೆ ಉಜ್ಜಿಕೊಂಡ. ಕಪ್ಪು ಪರದೆಯ ಮೇಲೆ, ಆ ಕಡೆಯಿಂದ ಉತ್ತರವಿಲ್ಲ ಎನ್ನುವ ಅದೇ ಸಾಲು ನಾಲ್ಕು ಸಲ ಬಂದಿತ್ತು. ಹೊಸದುರ್ಗದ ಆ ಪುಟ್ಟ ಮನೆಯ ಮುಂದಿನ ಕೋಣೆಯಲ್ಲಿ ಸುಚಿತ್ರಾ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಕೆಲಸ ಮಾಡುತ್ತಿದ್ದಳು. ಪ್ರಿಂಟರ್ ಇದ್ದದ್ದು ಹಿಂದಿನ ಕೋಣೆಯ ಇನ್ನೊಂದು ಹಳೇ ಕಂಪ್ಯೂಟರಿಗೆ. ಎರಡೂ ಮಾತು ಬಿಟ್ಟಿವೆ ಎಂದು ಅವಳು ಫೋನ್ ಮಾಡಿದ್ದೇ ತಡ, ಕಂಪ್ಯೂಟರ್ ರಿಪೇರಿ ಮಾಡುವ ಅವನು ಹೊಳಲ್ಕೆರೆಯಿಂದ ಬೈಕ್ ಹತ್ತಿ ಬಂದಿದ್ದ.

ಕೇಬಲ್ ಬದಲಿಸಿದ. ಎರಡರ ಐಪಿ ನಂಬರೂ ನೋಡಿದ. ಹೊರಗಿನ ಸಂಪರ್ಕ ತಡೆಯುವ ವಿಂಡೋಸ್ ಫೈರ್‌ವಾಲ್ ಆಫ್ ಇತ್ತು. ಆ ಕಂಪ್ಯೂಟರನ್ನು ಕರೆದು ನೋಡಲು ಮತ್ತೆ ಪಿಂಗ್ ಕೊಟ್ಟ. ಊಹೂಂ.

ಅವನ ಕಿವಿಯ ಹಿಂದೆ ಜೇಡರ ಬಲೆಯ ಎಳೆಯೊಂದು ಅಂಟಿತ್ತು. ತೆಗೆಯಲೆಂದು ಸುಚಿತ್ರಾಳ ಕೈ ಮುಂದೆ ಹೋಗಿ ಹಿಂದೆ ಬಂತು. ಅವನು ತಟ್ಟನೆ ತಿರುಗಿದ.

"ಏನ್ ನೋಡ್ತಿದ್ದೀರಿ?"

"ಕಲೀತಿದ್ದೀನಿ."

"ಕಲಿತ್ರೆ ನನ್ನ ಕರೆಯೋದೇ ಇಲ್ಲ ನೀವು."

ಅವಳಿಗೆ ನಗು ಬರಲಿಲ್ಲ. ಕಲಿತಾಗಿತ್ತು. ಹಿಂದಿನ ಕೋಣೆಯ ಕಂಪ್ಯೂಟರಿನ ಹಳೇ ಆಂಟಿವೈರಸ್‌ನೊಳಗೆ ಬೇರೆಯದೇ ಒಂದು ಫೈರ್‌ವಾಲ್ ಇತ್ತು. ಬೆಳಗ್ಗೆ ಅದನ್ನು ಆನ್ ಮಾಡಿದವಳು ಅವಳೇ. ಅವನನ್ನು ನೋಡಿ ಹದಿನೈದು ದಿನವಾಗಿತ್ತು.

ಅವನು ಮೂರನೇ ಸಲ ವಾಚ್ ನೋಡಿದ.

"ಎಲ್ಲಾದ್ರೂ ಹೋಗ್ಬೇಕಿತ್ತಾ?"

"ದುರ್ಗದ ಕಾಲೇಜ್ ಲ್ಯಾಬ್‌ನಲ್ಲಿ ಪರ್ಮನೆಂಟ್ ಕೆಲ್ಸ. ಹನ್ನೊಂದಕ್ಕೆ ಇಂಟರ್‌ವ್ಯೂ ಇತ್ತು. ಬೇಗ ಮುಗಿಸಿ ಹೋಗಾಣ ಅಂದ್ಕಂಡಿದ್ದೆ. ಮದುವೆಯವ್ರು ಇವತ್ತೇ ಪತ್ರಿಕೆ ಕೇಳ್ತಾರೆ ಅಂದ್ರಲ್ಲ ನೀವು."

ಆಗಲೇ ಹನ್ನೊಂದೂವರೆ. ಮದುವೆಯವರು ಇವತ್ತೇ ಕೇಳಿದ್ದಾರೆ ಎಂದದ್ದೂ ಸುಳ್ಳೇ.

"ನಾನೇ ಕೆಡಿಸಿದ್ದು," ಎಂದಳು ಸುಚಿತ್ರಾ. ಏನು, ಎಲ್ಲಿ, ಎಲ್ಲ ಹೇಳಿದಳು. ಯಾಕೆ ಎಂಬುದನ್ನು ಮಾತ್ರ ಬಿಟ್ಟಳು.

ಮುರುಗೇಶ್ ಹಿಂದಿನ ಕೋಣೆಗೆ ಎದ್ದುಹೋಗಿ ಆ ಫೈರ್‌ವಾಲ್ ಆಫ್ ಮಾಡಿದ. ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಕ್ ಹತ್ತಿ ಹೊರಟುಹೋದ.

ಸುಚಿತ್ರಾ ಊಟ ಮಾಡಲಿಲ್ಲ. ಸಿಕ್ಕ ಬಸ್ ಹತ್ತಿ ದುರ್ಗಕ್ಕೆ ಹೋಗಿ, ಆ ಕಾಲೇಜ್ ಲ್ಯಾಬಿನ ಮುಖ್ಯಸ್ಥೆ ಉಷಾರಾಣಿಯವರ ಮುಂದೆ ಕೈಮುಗಿದು ನಿಂತಳು. "ಮೇಡಂ, ಮುರುಗೇಶ್ ಅವ್ರು ಇಂಟರ್‌ವ್ಯೂಗೆ ಬರದೇ ಇದ್ದದ್ದು ನನ್ನಿಂದ. ಸುಳ್ಳು ಹೇಳಿ ಕರೆಸ್ಕೊಂಡೆ."

"ಯಾಕಮ್ಮ ಹಂಗ್ ಮಾಡ್ದೆ?"

ಪಕ್ಕದಲ್ಲಿ ಇನ್ನಿಬ್ಬರು ಮೇಷ್ಟ್ರು ಕೂತಿದ್ದರು. ಅವಳು ನೆಲ ನೋಡುತ್ತಲೇ ಹೇಳಿದಳು, "ಅವ್ರಂದ್ರೆ ನಂಗಿಷ್ಟ."

ಮರುದಿನ ಬೆಳಗ್ಗೆ ಬೈಕ್ ಸದ್ದಾಯಿತು. ಮುರುಗೇಶ್ ಹೊಸ್ತಿಲಲ್ಲೇ ನಿಂತ.

"ಮೇಡಂ ಫೋನ್ ಮಾಡಿ ಎಲ್ಲಾ ಹೇಳಿದ್ರು. ಸೋಮವಾರ ಬಾ ಅಂದ್ರು. ಕೆಲ್ಸ ಸಿಗುತ್ತೋ ಇಲ್ವೋ ಗೊತ್ತಿಲ್ಲ. ನಿಮ್ ಮೇಲೆ ಕೋಪ ಇನ್ನೂ ಐತೆ."

"ಇರ್ಲಿ. ತಪ್ಪು ನಂದೇ," ಎಂದಳು. ಕಣ್ಣು ತುಂಬಿತ್ತು.

"ಕಾಲೇಜಿಗೆಲ್ಲಾ ಡಂಗುರ ಸಾರಿ ಬಂದ್ರಿ. ನನಗೊಬ್ಬನಿಗೆ ಹೇಳಕ್ಕಾಗ್ಲಿಲ್ವಾ?"

ಸುಚಿತ್ರಾ ತಲೆ ಎತ್ತಿದಳು. ಈ ಸಲ ನೆಲ ನೋಡಲಿಲ್ಲ. "ಇಷ್ಟ ಕಣ್ರಿ," ಎಂದಳು.

ಅವನ ತುಟಿಯಂಚಿನಲ್ಲಿ ನಗು ಇಣುಕಿತು.

"ಸೋಮವಾರ ನನ್ಜೊತೆ ಬರ್ರಿ. ಇಂಟರ್‌ವ್ಯೂ ಮುಗಿಯೋ ತಂಕ ಹೊರಗಡೆ ಬೆಂಚ್ ಮೇಲೆ ಕುಂತಿರ್ರಿ. ಫೋನ್ ಮಾತ್ರ ಮಾಡ್ಬೇಡ್ರಿ."