ಹಂಪ್‌ಗೂ ಟ್ರ್ಯಾಕ್‌ಗೂ ಒಂದೇ ಕಾರು

ನಂದೀಶ್‌ನ ಕಾರಿನ ಬಾನೆಟ್ ಎತ್ತಿದ ಕೂಡಲೇ ಮೆಕ್ಯಾನಿಕ್ ಬಿಂದುಶ್ರೀಗೆ ಮೈಯೆಲ್ಲ ಉರಿಯಿತು. ಎಂಜಿನ್ನಿಗೆ ಗಾಳಿ ಒತ್ತುವ ದೊಡ್ಡ ಟರ್ಬೊ ಬೇಡವೆಂದು ಅವಳು ಬಡಿದುಕೊಂಡಿದ್ದರೂ ಈ ಮಹಾರಾಯ ಬೇರೆ ಗ್ಯಾರೇಜಿನಲ್ಲಿ ಹಾಕಿಸಿಕೊಂಡು ಬಂದಿದ್ದ. ಎಂಜಿನ್ ಕಿರುಚುವಾಗ ಹಾರ್ಸ್‌ಪವರ್‌ಗೇನೂ ಕೊರತೆಯಿರಲಿಲ್ಲ. ಎಂಜಿನ್ ನಿಧಾನಕ್ಕೆ ತಿರುಗುವ ಕೆಳಗಿನ ಆರ್‌ಪಿಎಂನಲ್ಲಿ ಮಾತ್ರ ಟಾರ್ಕ್, ಅಂದರೆ ಎಳೆಯುವ ಬಲ, ಸತ್ತೇಹೋಗಿತ್ತು. ಊರ ರಸ್ತೆಯಲ್ಲಿ ಹಂಪ್ ಬಂದರೆ ಕಾರು ಮೊದಲು ಮುಗ್ಗರಿಸುತ್ತಿತ್ತು, ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು.

“ಮೊನ್ನೆ ಅಮ್ಮನ ತಲೆ ಕಾರಿನ ಟಾಪಿಗೆ ಬಡೀತು. ನೀನೇ ಟ್ಯೂನ್ ಮಾಡಿದ್ದು ಅಂದ್ಕೊಂಡಿದ್ದಾರೆ,” ಎಂದ ನಂದೀಶ್.

ಬಿಂದುಶ್ರೀಯ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಅವನ ತಾಯಿ ರುಕ್ಮಿಣಮ್ಮ ಈ ಭಾನುವಾರ ಜಡಿಗೇನಹಳ್ಳಿಯಿಂದ ಅವಳ ಊರು ಮಧುರೆಗೆ ಹೆಣ್ಣು ನೋಡಲು ಬರುವವರಿದ್ದರು. ಗ್ಯಾರೇಜ್ ಹುಡುಗಿ ಬೇಡವೆನ್ನಲು ಅವರಿಗೆ ಒಂದು ನೆಪ ಬೇಕಿತ್ತಷ್ಟೇ.

“ನಿಜ ಹೇಳ್ಲಿಲ್ವಾ?”

“ಹೇಳಿದ್ರೆ ನಾನು ದಡ್ಡ ಆಗ್ತೀನಲ್ಲ.”

ನಂದೀಶ್ ಓರೆಗಣ್ಣಿನಲ್ಲಿ ನೋಡಿ, ತುಟಿ ಕಚ್ಚಿ ನಕ್ಕ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಅವಳು ಕರಗುತ್ತಿದ್ದಳು.

“ಕಾರು ಸರಿ ಮಾಡೋದು ನನ್ ಕೆಲಸ, ಮಾಡ್ತೀನಿ. ಅಮ್ಮಂಗೆ ಹೇಳೋದು ನಿನ್ ಕೆಲಸ ಕಣೋ. ಹೇಳ್ದೆ ಇದ್ರೆ ನೀನು ನಂಗೆ ಬೇಡ.”

ಅವನಿಲ್ಲದೆ ಇರುವುದು ಎಷ್ಟು ಕಷ್ಟವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಚಿಕ್ಕ ಟರ್ಬೊ ಮತ್ತೆ ಕೂರಿಸಿ, ಎಂಜಿನ್ ಕೆಳಗಿನ ಆರ್‌ಪಿಎಂನಿಂದಲೇ ಎಳೆಯುವಂತೆ ಟ್ಯೂನ್ ಮಾಡಿದಳು. ಹಾರ್ಸ್‌ಪವರ್ ಕಮ್ಮಿಯಾಯಿತೆಂದು ನಂದೀಶ್ ಮುಖ ಊದಿಸಿಕೊಂಡ. ಭಾನುವಾರ ಬೆಳಗ್ಗೆ ಅವನು ಓಡಿಸುವ ರೇಸ್ ಟ್ರ್ಯಾಕಿನಿಂದ ಅವನದೇ ಫೋನ್ ಬಂತು. ನೇರ ದಾರಿಯಲ್ಲಿ ಒಂದಿಬ್ಬರು ಮುಂದೆ ಹೋದರಂತೆ, ಆದರೆ ಪ್ರತಿ ತಿರುವು ದಾಟುತ್ತಲೇ ಕಾರು ಎಳೆದ ರಭಸಕ್ಕೆ ಅವನ ಹಿಂದಿನ ಟೈಮಿಂಗ್‌ಗಳೆಲ್ಲ ಧೂಳೀಪಟವಂತೆ. ಬಿಂದುಶ್ರೀ ಕೇಳಿದ್ದು ಒಂದೇ, ಅಮ್ಮನಿಗೆ ಹೇಳಿದೆಯಾ ಎಂದು. ಅವನು ಮತ್ತೆ ಟೈಮಿಂಗ್ ಮಾತಿಗೇ ಹೊರಳಿದ. ಅವಳು ಫೋನಿಟ್ಟಳು.

ಮಧ್ಯಾಹ್ನ ಸೀರೆಯುಟ್ಟು ಬಾಗಿಲಲ್ಲಿ ನಿಂತಾಗ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಉಳಿದೇ ಇತ್ತು. ಮುಚ್ಚಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕಾರು ಸದ್ದಿಲ್ಲದೆ ಬಂದು ನಿಂತಿತು. ರುಕ್ಮಿಣಮ್ಮ ಇಳಿದು, ಅವಳ ಕೈ ಹಿಡಿದು ಆ ಉಗುರುಗಳನ್ನೇ ನೋಡಿದರು.

“ಈ ಕಾರು ಹತ್ತಲ್ಲ ಅಂತ ಹಠ ಹಿಡ್ದಿದ್ದೆ ಕಣವ್ವ. ಆಗ ಬಾಯ್ಬಿಟ್ಟ, ಕೆಡಿಸ್ಕೊಂಡ್ ಬಂದಿದ್ದು ಇವನೇ ಅಂತೆ. ನಿಜ ಹೇಳ್ದಿದ್ರೆ ನೀನು ಇವನನ್ನೇ ಬೇಡ ಅಂದ್ಯಂತೆ. ನನ್ ಮಗ ತಪ್ಪು ಒಪ್ಕೊಂಡಿದ್ದು ಹುಟ್ಟಿದಾಗಿಂದ ಇದೇ ಮೊದ್ಲು. ನನ್ ಕೈಲಿ ಆಗ್ದೇ ಇರೋದನ್ನ ನೀನು ಮಾಡಿಸ್ದೆ.”

ಕಾರಿನ ಪಕ್ಕದಲ್ಲಿ ನಂದೀಶ್ ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ಅವನನ್ನು ಕಣ್ತುಂಬ ನೋಡಿ, ಬಿಂದುಶ್ರೀ ಅವನ ತಾಯಿಯ ಕಡೆ ತಿರುಗಿದಳು.

“ಒಳಗೆ ಬನ್ನಿ ಅತ್ತೆ,” ಎಂದಳು.